ಕಲ್ಪತರು ನಾಡಿನ ಮನೆಗಳಲ್ಲಿ ತೆಂಗಿನ ಪಾನೀಯಗಳು

ತೆಂಗಿನ ಮರವನ್ನು ನಮ್ಮ ಹಿರಿಯರು ಕಲ್ಪವೃಕ್ಷವೆಂದು ಕರೆದರು. ಬೇಡಿದುದನ್ನೆಲ್ಲ ಕೊಡುವ ಮರವೆಂಬುದು ಆ ಹೆಸರಿನ ಅರ್ಥ. ತುಮಕೂರು ಜಿಲ್ಲೆಗೆ ಕಲ್ಪತರು ನಾಡೆಂಬ ಹೆಸರು ಬಂದುದೂ ಈ ಮರದಿಂದಲೇ. ಗುಬ್ಬಿಯಿಂದ ತಿಪಟೂರಿನವರೆಗೆ, ಕುಣಿಗಲ್ಲಿನಿಂದ ತುರುವೇಕೆರೆಯವರೆಗೆ ದಾರಿಯ ಎರಡೂ ಬದಿಗಳಲ್ಲಿ ತೆಂಗಿನ ತೋಟಗಳೇ ಕಣ್ಣಿಗೆ ಬೀಳುತ್ತವೆ. ಎಡೆಯೂರಿನಲ್ಲಿ ಐಕ್ಯರಾದ ಸಿದ್ಧಲಿಂಗ ಯತಿಗಳಿಗೆ 'ತೋಂಟದ' ಎಂಬ ವಿಶೇಷಣವು ಸೇರಿಕೊಂಡದ್ದು ಅವರು ಕುಣಿಗಲ್ ಸೀಮೆಯ ಕಗ್ಗೆರೆಯ ತೋಟವೊಂದರಲ್ಲಿ ತಪಸ್ಸಿಗೆ ಕುಳಿತುದರಿಂದ. ತೋಟಕ್ಕೂ ಈ ಸೀಮೆಯ ಬದುಕಿಗೂ ಇರುವ ನಂಟು ಅಷ್ಟು ಹಳೆಯದು.

ಇಂತಹ ನಾಡಿನಲ್ಲಿ ಒಂದು ವಿಪರ್ಯಾಸವನ್ನು ನಾವು ದಿನವೂ ಕಾಣುತ್ತಿದ್ದೇವೆ. ಹಿತ್ತಿಲಿನಲ್ಲಿ ಕಾಯಿಯ ರಾಶಿ, ಅಟ್ಟದ ಮೇಲೆ ಕೊಬ್ಬರಿಗಾಗಿ ಒಣಗುತ್ತಿರುವ ಗಿಟುಕು. ಮನೆಗೆ ನೆಂಟರು ಬಂದರೆ ಮಾತ್ರ ಮಗುವನ್ನು ಅಂಗಡಿಗೆ ಓಡಿಸಿ ಬಣ್ಣದ ಪಾನೀಯದ ಸೀಸೆಯನ್ನು ತರಿಸುವುದು. ತೆಂಗು ಮಾರುಕಟ್ಟೆಗೆ ಹೋಗುತ್ತದೆ, ಸಕ್ಕರೆಯ ನೀರು ಮನೆಗೆ ಬರುತ್ತದೆ. ಇದರಿಂದ ಹಣ ಹೋಗುವುದು ಚಿಕ್ಕ ಮಾತು. ಮಕ್ಕಳ ನಾಲಿಗೆಯ ರುಚಿಯೇ ಬದಲಾಗುವುದು ಮತ್ತು ಅಜ್ಜಿ-ತಾಯಂದಿರಿಗೆ ಗೊತ್ತಿದ್ದ ಒಂದು ವಿದ್ಯೆಯು ಒಂದೇ ತಲೆಮಾರಿನಲ್ಲಿ ಮರೆಯಾಗುವುದು ದೊಡ್ಡ ನಷ್ಟ. ಆ ವಿದ್ಯೆಯನ್ನು ಮತ್ತೆ ನೆನಪಿಸುವುದೇ ಈ ಲೇಖನದ ಉದ್ದೇಶ.

ಒಂದು ಕಾಯಿ, ಹಲವು ಅವಸ್ಥೆ

ತೆಂಗಿನ ಮರವು ಸಾಮಾನ್ಯವಾಗಿ ತಿಂಗಳಿಗೊಂದರಂತೆ ಹೊಂಬಾಳೆಯನ್ನು ಬಿಡುತ್ತದೆ. ಹೂವು ಕಾಯಾಗಿ ಪೂರ್ಣ ಬಲಿಯಲು ಸುಮಾರು 12 ತಿಂಗಳು ಬೇಕು. ಆದುದರಿಂದ ಒಂದೇ ಮರದಲ್ಲಿ ಎಲ್ಲ ವಯಸ್ಸಿನ ಕಾಯಿಗಳೂ ಒಟ್ಟಿಗೆ ಇರುತ್ತವೆ. ಏಳು ತಿಂಗಳ ಆಸುಪಾಸಿನಲ್ಲಿ ಎಳನೀರು ಅತ್ಯಂತ ಸಿಹಿಯಾಗಿರುತ್ತದೆ. ಒಳಗೆ ಗಂಜಿ ಆಗತಾನೇ ಕಟ್ಟಿಕೊಳ್ಳತೊಡಗಿರುತ್ತದೆ. ಮುಂದೆ ಕಾಯಿ ಬಲಿತಂತೆಲ್ಲ ನೀರಿನ ಸಿಹಿ ಇಳಿಯುತ್ತದೆ, ತಿರುಳು ದಪ್ಪವಾಗುತ್ತದೆ, ಅದರಲ್ಲಿ ಎಣ್ಣೆಯ ಅಂಶ ಹೆಚ್ಚುತ್ತದೆ. ಹಾಲು ತೆಗೆಯಲು ಬೇಕಾದುದು ಈ ಬಲಿತ ಕಾಯಿ. ಅದನ್ನೇ ಸಿಪ್ಪೆಸಹಿತವಾಗಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ತಿಪಟೂರು ಮಾರುಕಟ್ಟೆ ಹೆಸರಾಗಿರುವುದು ಈ ಉಂಡೆ ಕೊಬ್ಬರಿಗೆ.

ನಮ್ಮ ಸೀಮೆಯ ಎತ್ತರದ ತಳಿಯು ಮುಖ್ಯವಾಗಿ ಕೊಬ್ಬರಿಗೆ ಒಗ್ಗಿದ ತಳಿ. ಎಳನೀರು ಇಳಿಸಿದರೆ ಕೊಬ್ಬರಿ ಕೈತಪ್ಪುತ್ತದೆಂದು ರೈತರು ಹಿಂಜರಿಯುವುದು ಸಹಜ. ಮನೆಯ ಬಳಕೆಗೆಂದು ಒಂದೆರಡು ಗಿಡ್ಡ ತಳಿಯ ಸಸಿಗಳನ್ನು ಹಿತ್ತಿಲಿನಲ್ಲಿ ನೆಟ್ಟುಕೊಂಡರೆ ಈ ಚಿಂತೆಯಿಲ್ಲ. ಚೌಘಾಟ್ ಕಿತ್ತಳೆ ಬಣ್ಣದ ಗಿಡ್ಡ ತಳಿಯು ಎಳನೀರಿಗೆ ಹೇಳಿ ಮಾಡಿಸಿದಂತಹುದು. 1916ರಲ್ಲಿ ಕಾಸರಗೋಡಿನಲ್ಲಿ ಆರಂಭವಾದ ತೆಂಗು ಸಂಶೋಧನಾ ಕೇಂದ್ರವು ಇಂದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿ ಬೆಳೆದಿದ್ದು, ಇಂತಹ ತಳಿಗಳ ವಿಷಯದಲ್ಲಿ ಬಹಳ ಕೆಲಸ ಮಾಡಿದೆ.

ಎಳನೀರು

ಎಳನೀರಿಗೆ ಏನನ್ನೂ ಬೆರೆಸಬೇಕಾಗಿಲ್ಲ. ಆದರೂ ಮಕ್ಕಳು ಸೀಸೆಯ ಪಾನೀಯವನ್ನೇ ಕೇಳುವ ಮನೆಗಳಲ್ಲಿ ಇದನ್ನು ಹೀಗೆ ಮಾಡಿ ಕೊಡಬಹುದು. ತೆಳು ಗಂಜಿಯಿರುವ ಎರಡು ಎಳನೀರುಗಳನ್ನು ತೆಗೆದುಕೊಂಡು ನೀರನ್ನು ಸೋಸಿ ಬೇರೆ ಇಡಬೇಕು. ಗಂಜಿಯನ್ನು ಚಮಚದಿಂದ ಕೆರೆದು, ಸ್ವಲ್ಪ ಎಳನೀರಿನೊಡನೆ ಮಿಕ್ಸಿಯಲ್ಲಿ ನುಣ್ಣಗೆ ತಿರುವಿ, ಉಳಿದ ನೀರಿಗೆ ಕೂಡಿಸಬೇಕು. ಅರ್ಧ ನಿಂಬೆಹಣ್ಣಿನ ರಸ, ಒಂದು ಚಿಟಿಕೆ ಏಲಕ್ಕಿ ಪುಡಿ, ಬೇಕೆನಿಸಿದರೆ ನಾಲ್ಕು ಪುದೀನ ಎಲೆ. ಸಕ್ಕರೆ ಬೇಡ. ಮೂರು ಲೋಟ ಪಾನೀಯ ಸಿದ್ಧವಾಗುತ್ತದೆ.

ಒಂದು ಲೆಕ್ಕವನ್ನು ತಾಯಂದಿರು ಗಮನಿಸಬೇಕು. ಅಂಗಡಿಯ ಸಿಹಿ ಪಾನೀಯದ 250 ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ 25 ಗ್ರಾಮಿನಷ್ಟು ಸಕ್ಕರೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಪ್ರಕಟಿಸಿದ ಸಲಹೆಯಂತೆ, ವಯಸ್ಕರು ಇಡೀ ದಿನದಲ್ಲಿ ಬೆರೆಸಿದ ಸಕ್ಕರೆಯನ್ನು ಹೆಚ್ಚುಕಡಿಮೆ ಇಷ್ಟಕ್ಕೆ ಮಿತಿಗೊಳಿಸಿದರೆ ಒಳ್ಳೆಯದು. ಅಂದರೆ ಒಂದು ಸೀಸೆಗೆ ದಿನದ ಪಾಲು ಮುಗಿಯಿತು. ಅಷ್ಟೇ ಎಳನೀರಿನಲ್ಲಿ ಸಹಜವಾಗಿಯೇ ಇರುವ ಸಿಹಿಯು ಇದರ ಅರ್ಧದಷ್ಟೂ ಇರುವುದಿಲ್ಲ. ಜೊತೆಗೆ ಪೊಟ್ಯಾಸಿಯಂ ಮೊದಲಾದ ಲವಣಗಳೂ ದೊರೆಯುತ್ತವೆ.

ಕಾಯಿಹಾಲು

ಎಳನೀರು ಪ್ರಕೃತಿ ಕೊಟ್ಟದ್ದು. ಕಾಯಿಹಾಲು ಮನುಷ್ಯನ ಕೈ ಕೆಲಸದಿಂದ ಬಂದದ್ದು. ತುಮಕೂರು, ಹಾಸನ, ಮಂಡ್ಯ ಸೀಮೆಗಳಲ್ಲಿ ಒತ್ತು ಶ್ಯಾವಿಗೆ ಮಾಡಿದ ದಿನ ಕಾಯಿಹಾಲು ಇಲ್ಲದೆ ಊಟವಿಲ್ಲ. ಶ್ಯಾವಿಗೆಗೆ ಸುರಿದುಕೊಂಡು ಉಂಡು, ಕೊನೆಗೆ ಲೋಟದಲ್ಲಿ ಹಾಕಿಸಿಕೊಂಡು ಕುಡಿಯುವುದು ರೂಢಿ. ಇದನ್ನು ಹಬ್ಬಕ್ಕಷ್ಟೇ ಮೀಸಲಿಡದೆ ಪಾನೀಯವಾಗಿಯೂ ಮಾಡಿಕೊಳ್ಳಬಹುದು.

ಬಲಿತ ಕಾಯಿ ಒಂದು, ಗಸಗಸೆ ಎರಡು ಚಮಚ, ಅಕ್ಕಿ ಒಂದು ಚಮಚ, ಏಲಕ್ಕಿ ನಾಲ್ಕು, ಬೆಲ್ಲ ಸುಮಾರು 100 ಗ್ರಾಂ. ಅಕ್ಕಿಯನ್ನು ಒಂದು ಗಂಟೆ ನೆನೆಸಬೇಕು. ಗಸಗಸೆಯನ್ನು ಬೆಚ್ಚಗೆ ಹುರಿದುಕೊಳ್ಳಬೇಕು. ಕಾಯಿಯನ್ನು ತುರಿಯುವಾಗ ಚಿಪ್ಪಿಗೆ ಅಂಟಿದ ಕಂದು ಭಾಗ ಬಾರದಂತೆ ನೋಡಿಕೊಂಡರೆ ಹಾಲು ಬೆಳ್ಳಗೆ ಬರುತ್ತದೆ. ಇವೆಲ್ಲವನ್ನೂ ಉಗುರುಬೆಚ್ಚಗಿನ ನೀರು ಹಾಕಿ ನುಣ್ಣಗೆ ರುಬ್ಬಿ, ತೆಳ್ಳನೆಯ ಬಿಳಿ ಬಟ್ಟೆಯಲ್ಲಿ ಹಿಂಡಬೇಕು. ತಣ್ಣೀರಿಗಿಂತ ಬೆಚ್ಚನೆಯ ನೀರಿನಲ್ಲಿ ತಿರುಳಿನ ಜಿಡ್ಡು ಸುಲಭವಾಗಿ ಬಿಡುತ್ತದೆ. ಹಿರಿಯರು ಬಿಸಿನೀರು ಚಿಮುಕಿಸುತ್ತಿದ್ದುದರ ಗುಟ್ಟು ಇದೇ. ಮೊದಲು ಬರುವ ಗಟ್ಟಿ ಹಾಲನ್ನು ಪ್ರತ್ಯೇಕವಾಗಿಟ್ಟು, ಉಳಿದ ತುರಿಗೆ ಮತ್ತೆ ಎರಡು ಲೋಟ ನೀರು ಸೇರಿಸಿ ತಿರುವಿ ಎರಡನೆಯ ಹಾಲನ್ನು ತೆಗೆಯಬೇಕು.

ಈಗ ಬೆಲ್ಲವನ್ನು ಎರಡನೆಯ ಹಾಲಿನಲ್ಲಿ ಕರಗಿಸಿ, ಸೋಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕಾಯಿಸಬೇಕು. ಅಕ್ಕಿಯ ದೆಸೆಯಿಂದ ಅದು ತುಸು ಗಟ್ಟಿಯಾಗುತ್ತದೆ. ಒಲೆಯಿಂದ ಇಳಿಸಿದ ಮೇಲೆಯೇ ಮೊದಲ ಹಾಲನ್ನು ಸೇರಿಸಬೇಕು. ಗಟ್ಟಿ ಹಾಲನ್ನು ಕೊತಕೊತ ಕುದಿಸಿದರೆ ಜಿಡ್ಡು ಬೇರೆಯಾಗಿ ಹಾಲು ಒಡೆದಂತಾಗುತ್ತದೆ. ಕೊನೆಯಲ್ಲಿ ಏಲಕ್ಕಿ ಪುಡಿ. ಬೇಸಿಗೆಯಲ್ಲಿ ಮಣ್ಣಿನ ಕುಡಿಕೆಯಲ್ಲಿ ಆರಿಸಿ ಕುಡಿದರೆ ಹಿತ. ಚಳಿಗಾಲದಲ್ಲಿ ಒಂದು ಚೂರು ಒಣ ಶುಂಠಿ ಸೇರಿಸಿ ಬೆಚ್ಚಗೆ ಕುಡಿಯಬಹುದು.

ರಸಾಯನವೆಂಬ ನಮ್ಮ ಸ್ಮೂದಿ

ಇಂದಿನ ನಗರದ ಮಕ್ಕಳು ಹಣ್ಣು ಮತ್ತು ಹಾಲನ್ನು ಯಂತ್ರದಲ್ಲಿ ತಿರುವಿದ ಗಟ್ಟಿ ಪಾನೀಯವನ್ನು 'ಸ್ಮೂದಿ' ಎನ್ನುತ್ತಾರೆ. ಹೆಸರು ಹೊಸದು, ಪದಾರ್ಥ ನಮಗೆ ಹಳೆಯದು. ಬಾಳೆಹಣ್ಣಿಗೆ ಕಾಯಿಹಾಲು ಮತ್ತು ಬೆಲ್ಲ ಬೆರೆಸಿದ ರಸಾಯನವನ್ನು ಕನ್ನಡ ನಾಡಿನ ಎಷ್ಟೋ ಮನೆಗಳಲ್ಲಿ ದೋಸೆಗೂ ಹೋಳಿಗೆಗೂ ಬಡಿಸುತ್ತ ಬಂದಿದ್ದಾರೆ. ಅದನ್ನೇ ತುಸು ತೆಳ್ಳಗೆ ಮಾಡಿದರೆ ಸ್ಮೂದಿ.

ಚೆನ್ನಾಗಿ ಕಳಿತ ಪುಟ್ಟಬಾಳೆ ಹಣ್ಣು ನಾಲ್ಕು, ಮೊದಲ ಕಾಯಿಹಾಲು ಅರ್ಧ ಲೋಟ, ಎರಡನೆಯ ಹಾಲು ಒಂದು ಲೋಟ, ಬೆಲ್ಲದ ಪುಡಿ ಒಂದು ಚಮಚ, ಏಲಕ್ಕಿ. ಎಲ್ಲವನ್ನೂ ಒಟ್ಟಿಗೆ ತಿರುವಿದರೆ ಮೂವರಿಗೆ ಸಾಕು. ಹಣ್ಣು ಚೆನ್ನಾಗಿ ಕಳಿತಿದ್ದರೆ ಬೆಲ್ಲವನ್ನೂ ಬಿಡಬಹುದು.

ಗುಬ್ಬಿ ತಾಲ್ಲೂಕಿನವರಿಗೆ ಇನ್ನೊಂದು ಭಾಗ್ಯವಿದೆ. ಚೇಳೂರು ಸೀಮೆಯು ಹಲಸಿಗೆ ಪ್ರಸಿದ್ಧ. ಅಲ್ಲಿಯ ತಾಮ್ರವರ್ಣದ ತೊಳೆಯ 'ಸಿದ್ದು' ಹಲಸು ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಮೂಲಕ 2017ರಿಂದೀಚೆಗೆ ನಾಡಿಗೆಲ್ಲ ಪರಿಚಿತವಾಯಿತು. ಎಂಟು ಹತ್ತು ತೊಳೆಗಳನ್ನು ಬೀಜ ತೆಗೆದು ಹೆಚ್ಚಿ, ಒಂದೂವರೆ ಲೋಟ ಕಾಯಿಹಾಲಿನೊಡನೆ ತಿರುವಿದರೆ ಬೇರೆ ಸಿಹಿಯೇ ಬೇಕಾಗುವುದಿಲ್ಲ. ಮಾವಿನ ಕಾಲದಲ್ಲಿ ಮಾವು, ಉಳಿದ ಕಾಲದಲ್ಲಿ ಪರಂಗಿ ಹಣ್ಣು ಇದೇ ಕ್ರಮಕ್ಕೆ ಒಗ್ಗುತ್ತವೆ.

ರಾಗಿ ಹುರಿಹಿಟ್ಟನ್ನು ಮರೆಯಲಾಗದು. ಅರಳಿಸಿದ ರಾಗಿಯ ಹಿಟ್ಟಿಗೆ ಬೆಲ್ಲ ಮತ್ತು ಕಾಯಿತುರಿ ಕಲಸಿ ಮಕ್ಕಳಿಗೆ ಕೊಡುವುದು ನಮ್ಮ ಬಯಲುಸೀಮೆಯ ಪದ್ಧತಿ. ಎರಡು ದೊಡ್ಡ ಚಮಚ ಹುರಿಹಿಟ್ಟನ್ನು ಒಂದು ಲೋಟ ಎರಡನೆಯ ಕಾಯಿಹಾಲಿನಲ್ಲಿ ಗಂಟಿಲ್ಲದಂತೆ ಕದಡಿ, ಚೂರು ಬೆಲ್ಲ ಹಾಕಿದರೆ ಶಾಲೆಗೆ ಹೊರಟ ಮಗುವಿಗೆ ಬೆಳಗಿನ ಆಹಾರವೇ ಆಯಿತು. ಹುರಿಹಿಟ್ಟು ಮೊದಲೇ ಬೆಂದದ್ದಾದುದರಿಂದ ಮತ್ತೆ ಒಲೆ ಹಚ್ಚುವ ಕೆಲಸವಿಲ್ಲ. ರಾಗಿಯಲ್ಲಿ ಸುಣ್ಣದ ಅಂಶ ಹೇರಳವಾಗಿರುವುದು ಎಲ್ಲರಿಗೂ ತಿಳಿದ ವಿಷಯ.

ಯಾವುದೂ ವ್ಯರ್ಥವಾಗದಿರಲಿ

ತೆಂಗಿನ ಬೆಲೆ ಸ್ಥಿರವಾದುದಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರವು ಕ್ವಿಂಟಲಿಗೆ 11,750 ರೂಪಾಯಿಯ ಬೆಂಬಲ ಬೆಲೆಯನ್ನು ಗೊತ್ತುಮಾಡಿದ್ದರೂ ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿದು, ಈ ಜಿಲ್ಲೆಯ ಬೆಳೆಗಾರರು ಬೀದಿಗಿಳಿಯಬೇಕಾಯಿತು. 2025ರಲ್ಲಿ ಅದೇ ಧಾರಣೆ ಗಗನಕ್ಕೇರಿತು. ಬೆಲೆ ಬಿದ್ದಾಗ 'ಯಾರಿಗೆ ಬೇಕು' ಎನ್ನುವುದು, ಏರಿದಾಗ 'ಮಾರಿಬಿಡೋಣ' ಎನ್ನುವುದು: ಎರಡು ಕಾಲದಲ್ಲಿಯೂ ಮನೆಯ ಮಕ್ಕಳ ಪಾಲು ತಪ್ಪುತ್ತದೆ. ಬೆಳೆದವರ ಮನೆಯಲ್ಲಿ ವಾರಕ್ಕೆ ಇಷ್ಟು ಕಾಯಿ ಮನೆಯವರಿಗೆ ಎಂಬ ನಿಯಮವಿರಬೇಕು. ಕೊಂಡು ತರುವವರು ಒಂದು ಕಾಯಿಯಿಂದ ಪೂರ್ಣ ಪ್ರಯೋಜನ ಪಡೆಯಲು ಕಲಿಯಬೇಕು.

ಹಾಲು ಹಿಂಡಿ ಉಳಿದ ತುರಿಯನ್ನು ಎಸೆಯಬಾರದು. ಅದರಲ್ಲಿ ನಾರಿನ ಅಂಶ ಉಳಿದಿರುತ್ತದೆ. ಹುರಿಗಡಲೆ, ಹಸಿಮೆಣಸಿನಕಾಯಿ ಸೇರಿಸಿ ಚಟ್ನಿ ರುಬ್ಬಬಹುದು; ಪಲ್ಯಕ್ಕೆ ಉದುರಿಸಬಹುದು; ರೊಟ್ಟಿಯ ಹಿಟ್ಟಿಗೆ ಕಲಸಬಹುದು. ಗಸಗಸೆ, ಏಲಕ್ಕಿ ಬೆರೆತ ತುರಿಯಾದರೆ ಬೆಲ್ಲದ ಜೊತೆ ಕಾಯಿಸಿ ಕಡುಬಿನ ಹೂರಣವಾಗಿಸಬಹುದು. ಪೂಜೆಗೆ ಒಡೆದ ಕಾಯಿಯ ನೀರನ್ನು ಪಾತ್ರೆಯಲ್ಲಿ ಹಿಡಿದು, ಆಗಲೇ ಸೋಸಿ ಕುಡಿಯಬಹುದು, ಇಲ್ಲವೇ ದೋಸೆಯ ಹಿಟ್ಟು ಕಲಸಲು ಬಳಸಬಹುದು. ಅದರ ಸಿಹಿಯಿಂದ ಹಿಟ್ಟು ಚೆನ್ನಾಗಿ ಹುದುಗುತ್ತದೆ.

ಎಚ್ಚರಿಕೆಯ ಮಾತುಗಳು

ಒಳ್ಳೆಯದೆಂದು ಹೇಳಿದ ಮೇಲೆ ಮಿತಿಯನ್ನೂ ಹೇಳುವುದು ಕರ್ತವ್ಯ. ಮೂತ್ರಪಿಂಡದ ಕಾಯಿಲೆಯವರಿಗೆ ಎಳನೀರಿನಲ್ಲಿರುವ ಪೊಟ್ಯಾಸಿಯಂ ಅಪಾಯ ತರಬಲ್ಲುದು. ಹೃದಯದ ಬಡಿತವನ್ನೇ ಏರುಪೇರು ಮಾಡಬಹುದು. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳೂ ದೇಹದಲ್ಲಿ ಪೊಟ್ಯಾಸಿಯಮ್ಮನ್ನು ಉಳಿಸಿಕೊಳ್ಳುವಂತಹವು. ಅಂಥವರು ವೈದ್ಯರನ್ನು ಕೇಳದೆ ಎಳನೀರು ಕುಡಿಯಬಾರದು. ರೋಗಿಯನ್ನು ನೋಡಲು ಹೋಗುವವರು ಕೈಯಲ್ಲಿ ಎಳನೀರು ಹಿಡಿದು ಹೋಗುವುದು ನಮ್ಮ ಪದ್ಧತಿ; ಏನು ಕಾಯಿಲೆಯೆಂದು ಮೊದಲು ವಿಚಾರಿಸುವುದು ವಿವೇಕ.

ಮಧುಮೇಹವಿರುವವರು ಬೆಲ್ಲವು ಸಕ್ಕರೆಗಿಂತ ನಿರಪಾಯಕಾರಿಯೆಂದು ಭ್ರಮಿಸಬಾರದು. ರಕ್ತದಲ್ಲಿ ಸಕ್ಕರೆ ಏರಿಸುವುದರಲ್ಲಿ ಎರಡೂ ಒಂದೇ ದಾರಿಯವು. ಕಾಯಿಹಾಲಿನಲ್ಲಿ ಜಿಡ್ಡು ಹೆಚ್ಚು. ಅದರ ಬಹುಭಾಗ ಘನ ಸ್ವಭಾವದ ಕೊಬ್ಬು. ಹೃದ್ರೋಗಿಗಳು ಗಟ್ಟಿ ಹಾಲನ್ನು ಬಿಟ್ಟು ಎರಡನೆಯ ಹಾಲನ್ನು ಹಿತಮಿತವಾಗಿ ಬಳಸಲಿ. ಆರು ತಿಂಗಳೊಳಗಿನ ಕೂಸಿಗೆ ತಾಯಿಯ ಹಾಲಲ್ಲದೆ ಎಳನೀರನ್ನೂ ಕೊಡಬಾರದು. ಕಾಯಿಹಾಲು ಹೆಸರಿಗೆ ಹಾಲಾದರೂ ಹಸುವಿನ ಹಾಲಿನಷ್ಟು ಸಸಾರಜನಕವಾಗಲಿ ಸುಣ್ಣದ ಅಂಶವಾಗಲಿ ಅದರಲ್ಲಿಲ್ಲ. ಬೆಳೆಯುವ ಮಕ್ಕಳಿಗೆ ಒಂದರ ಬದಲು ಇನ್ನೊಂದೆಂದು ಭಾವಿಸಬಾರದು. ವಾಂತಿ-ಭೇದಿಯಾದಾಗ ಎಳನೀರನ್ನೇ ನಂಬಿ ಕೂರಬಾರದು. ಆಗ ದೇಹ ಕಳೆದುಕೊಳ್ಳುವ ಸೋಡಿಯಂ ಎಳನೀರಿನಲ್ಲಿ ಸಾಕಷ್ಟಿರುವುದಿಲ್ಲ. ಆರೋಗ್ಯ ಕೇಂದ್ರದಲ್ಲಿ ದೊರೆಯುವ ಓಆರ್‌ಎಸ್ ಪುಡಿಯೇ ಸರಿಯಾದ ಮದ್ದು.

ಕೆಡುವ ವಿಷಯವೂ ಗಂಭೀರವಾದುದು. ಕಾಯಿಹಾಲು ಬೇಸಿಗೆಯಲ್ಲಿ ಕೆಲವೇ ಗಂಟೆಗಳಲ್ಲಿ ಹುಳಿಯಾಗುತ್ತದೆ. ಮಾಡಿದ ಹೊತ್ತಿನಲ್ಲಿಯೇ ಮುಗಿಸುವುದು ಉತ್ತಮ. ಉಳಿದರೆ ಶೀತಪೆಟ್ಟಿಗೆಯಲ್ಲಿಟ್ಟು ಮರುದಿನದೊಳಗೆ ಬಳಸಬೇಕು. ಕಲಾಯಿಯಿಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಪಾನಕವನ್ನೂ ಕಾಯಿಹಾಲನ್ನೂ ಇಡಬಾರದು. ಸಿಪ್ಪೆ ಸುಲಿದ ಎಳನೀರನ್ನು ಹೊರಗೆ ದಿನಗಟ್ಟಲೆ ಇಡುವುದು ಸರಿಯಲ್ಲ. ಡೆನ್ಮಾರ್ಕ್ ದೇಶದಲ್ಲಿ ವೃದ್ಧರೊಬ್ಬರು ಸುಮಾರು ಒಂದು ತಿಂಗಳು ಅಡುಗೆಮನೆಯಲ್ಲಿ ಹೊರಗೇ ಉಳಿದಿದ್ದ ಕಾಯಿಯ ನೀರನ್ನು ತುಸುವೇ ಕುಡಿದು, ರುಚಿ ಕೆಟ್ಟಿದೆಯೆಂದು ಬಿಟ್ಟರೂ, ಅದರಲ್ಲಿ ಬೆಳೆದಿದ್ದ ಬೂಷ್ಟಿನ ವಿಷದಿಂದ ಪ್ರಾಣ ಕಳೆದುಕೊಂಡರೆಂದು ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಲೋಳೆಗಟ್ಟಿದ, ವಾಸನೆ ಬದಲಾದ, ಬಣ್ಣ ತಿರುಗಿದ ನೀರನ್ನು ರುಚಿ ನೋಡುವ ಗೋಜಿಗೂ ಹೋಗದೆ ಚೆಲ್ಲಬೇಕು.

ಅತಿಥಿಗೆ ಕೊಡುವುದು ಏನನ್ನು?

ಶಿವರಾತ್ರಿಯಿಂದ ಯುಗಾದಿಯ ಆಸುಪಾಸಿನವರೆಗೆ ನಮ್ಮ ಸೀಮೆಯಲ್ಲಿ ಜಾತ್ರೆಗಳ ಕಾಲ. ಸಿದ್ಧಗಂಗೆಯ ಜಾತ್ರೆ, ಗುಬ್ಬಿಯ ಚನ್ನಬಸವೇಶ್ವರ ಜಾತ್ರೆ, ಎಡೆಯೂರಿನ ತೇರು. ಬಿಸಿಲಿನಲ್ಲಿ ನಡೆದು ಬಂದವರಿಗೆ ಅರವಟ್ಟಿಗೆಯಿಟ್ಟು ನೀರು, ಪಾನಕ, ಮಜ್ಜಿಗೆ ಕೊಡುವುದನ್ನು ನಮ್ಮವರು ದಾಸೋಹದ ಅಂಗವೆಂದೇ ತಿಳಿದು ನಡೆಸಿಕೊಂಡು ಬಂದಿದ್ದಾರೆ. ಅಲ್ಲಿಯೂ ಇತ್ತೀಚೆಗೆ ಪ್ಲಾಸ್ಟಿಕ್ ಸೀಸೆಗಳು ಕಾಲಿಟ್ಟಿವೆ. ತೇರು ನಿಲ್ಲುವ ಹೊತ್ತಿಗೆ ಬೀದಿಯಲ್ಲಿ ಅವುಗಳ ರಾಶಿ ಉಳಿಯುತ್ತದೆ. ಸಾವಿರಾರು ಜನರಿಗೆ ಕಾಯಿಹಾಲು ಕೊಡುವುದು ಬೇಗ ಕೆಡುವ ಕಾರಣದಿಂದ ಸಾಧುವಲ್ಲ. ಆದರೆ ತೋಟವುಳ್ಳ ಹತ್ತು ಮನೆಯವರು ಸೇರಿ ತಲಾ ಒಂದು ಗೊನೆ ಎಳನೀರು ಕೊಟ್ಟರೆ, ವೃದ್ಧರಿಗೂ ಮಕ್ಕಳಿಗೂ ಗರ್ಭಿಣಿಯರಿಗೂ ಕೈಯಲ್ಲೇ ಕೆತ್ತಿ ಕೊಡಬಹುದು. ಕುಡಿದ ಬುರುಡೆಯು ಒಣಗಿದ ಮೇಲೆ ಒಲೆಗೋ ತೋಟದ ಮುಚ್ಚಿಗೆಗೋ ಸಲ್ಲುತ್ತದೆ.

ಮನೆಯಲ್ಲಿಯಾದರೋ ಇದು ಇನ್ನೂ ಸುಲಭ. ಈ ವಾರವೇ ಒಂದು ದಿನ ಗೊತ್ತುಮಾಡಿಕೊಳ್ಳಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೆಣ್ಣುಮಕ್ಕಳಿಗಷ್ಟೇ ಬಿಡದೆ ಗಂಡುಮಕ್ಕಳ ಕೈಗೂ ತುರಿಮಣೆಯನ್ನು ಕೊಟ್ಟು ಒಂದು ಕಾಯಿಯ ಹಾಲು ತೆಗೆಸಿರಿ. ಬೆಲ್ಲ ಎಷ್ಟು, ನೀರು ಎಷ್ಟು, ಯಾವಾಗ ಒಲೆಯಿಂದ ಇಳಿಸಬೇಕು ಎಂಬುದನ್ನು ಅಜ್ಜಿಯ ಬಾಯಿಂದಲೇ ಕೇಳಿ ಬರೆದಿಡಿರಿ. ಅಜ್ಜಿಯಂದಿರ ಕೈಯಳತೆಯು ಯಾವ ಪುಸ್ತಕದಲ್ಲಿಯೂ ಅಚ್ಚಾಗಿಲ್ಲ. ಅವರು ನಮ್ಮೊಡನಿರುವಾಗಲೇ ಅದನ್ನು ಕಲಿತುಕೊಳ್ಳುವುದು ನಮ್ಮೆಲ್ಲರ ಹೊಣೆ.