ದಪ್ಪನೆಯ ಓರೆ ಅಕ್ಷರ: ಎಲ್ಲಿ ಚೆನ್ನ, ಎಲ್ಲಿ ಬೇಡ?

ಜಾತ್ರೆಯ ಬ್ಯಾನರು, ಅಂಗಡಿಯ ಫಲಕ, ಸಿನಿಮಾ ಪೋಸ್ಟರು – ಎಲ್ಲೆಡೆ ದಪ್ಪನೆಯ, ಬಲಕ್ಕೆ ವಾಲಿದ ಅಕ್ಷರಗಳನ್ನು ಕಾಣುತ್ತೇವೆ. ಮುದ್ರಣದವರು ಇದನ್ನು ‘ಬೋಲ್ಡ್ ಇಟಾಲಿಕ್’ ಎನ್ನುತ್ತಾರೆ. ನೋಡಿದೊಡನೆ ಓಟದ, ಉತ್ಸಾಹದ ಭಾವನೆ ಹುಟ್ಟಿಸುವ ಈ ಅಕ್ಷರಗಳ ಹಿಂದೆ ಒಂದಿಷ್ಟು ಗಣಿತವೂ ದೃಷ್ಟಿವಿಜ್ಞಾನವೂ ಅಡಗಿವೆ.

ಓರೆ ಅಚ್ಚಕ್ಷರ ಹುಟ್ಟಿದ್ದು ಇಟಲಿಯಲ್ಲಿ. ಹೆಸರು ಬಂದದ್ದೂ ಅಲ್ಲಿಂದಲೇ. 1501ರಲ್ಲಿ ವೆನಿಸ್ ನಗರದ ಆಲ್ಡಸ್ ಮನೂಷಿಯಸ್ ಎಂಬ ಮುದ್ರಕ ವರ್ಜಿಲ್ ಕವಿಯ ಕೃತಿಯನ್ನು ಈ ಅಕ್ಷರದಲ್ಲಿ ಪ್ರಕಟಿಸಿದ. ಮೊಳೆ ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ಅಂದಿನ ವಿದ್ವಾಂಸರ ಕೈಬರಹವೇ ಅದಕ್ಕೆ ಮಾದರಿ. ಕನ್ನಡದ ಕಥೆ ಬೇರೆ. 1817ರಲ್ಲಿ ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದಾಗ ನಮಗೆ ಓರೆ ಅಕ್ಷರದ ಪ್ರತ್ಯೇಕ ಸಂಪ್ರದಾಯವಿರಲಿಲ್ಲ. ಇಂದು ಕಾಣುವ ಕನ್ನಡದ ಓರೆ ಅಕ್ಷರಗಳಲ್ಲಿ ಬಹಳಷ್ಟು, ನೇರ ಅಕ್ಷರವನ್ನೇ ಕಂಪ್ಯೂಟರಿನಲ್ಲಿ ವಾಲಿಸಿದಂಥವು.

ವಾಲಿಸುವುದೆಂದರೇನು? ನೋಟ್‌ಬುಕ್ಕುಗಳ ಅಟ್ಟಿಯನ್ನು ಪಕ್ಕದಿಂದ ಓರೆಯಾಗಿ ತಳ್ಳಿ ನೋಡಿ. ಮೇಲಿನ ಪುಸ್ತಕ ಹೆಚ್ಚು, ಕೆಳಗಿನದು ಕಡಿಮೆ ಸರಿಯುತ್ತದೆ. ಅಕ್ಷರವೂ ಹಾಗೆಯೇ. ಓರೆ 12 ಡಿಗ್ರಿ ಇದ್ದರೆ, 10 ಮಿಲಿಮೀಟರ್ ಎತ್ತರದ ಅಕ್ಷರದ ತಲೆ ಸುಮಾರು 2 ಮಿಲಿಮೀಟರ್ ಬಲಕ್ಕೆ ಹೋಗುತ್ತದೆ. ಆದರೆ ಸಾಲಿನ ಕೆಳಗಿರುವ ಭಾಗ ಎಡಕ್ಕೆ ಸರಿಯುತ್ತದೆ! ‘ಬೆಳಕವಾಡಿ’ ಎಂಬ ಹೆಸರಿನಲ್ಲಿ ಒತ್ತಕ್ಷರವಿಲ್ಲ, ಹೆಚ್ಚಿನ ತೊಂದರೆಯಿಲ್ಲ. ‘ಮಳವಳ್ಳಿ’ಯನ್ನು ವಾಲಿಸಿದರೆ ಗುಡಿಸು ಒಂದು ಕಡೆಗೆ, ಒತ್ತು ಇನ್ನೊಂದು ಕಡೆಗೆ ಸರಿದು ಅಕ್ಷರ ತಿರುಚಿದಂತಾಗುತ್ತದೆ. ಒಳ್ಳೆಯ ವಿನ್ಯಾಸಕಾರ ಒತ್ತನ್ನು ಮತ್ತೆ ಅದರ ಜಾಗಕ್ಕೆ ತಂದು ಕೂರಿಸುತ್ತಾನೆ.

ದಪ್ಪ ಮಾಡುವುದರಲ್ಲಿ ಇನ್ನೊಂದು ತೊಡಕು. ಬ–ಭ, ದ–ಧ, ಪ–ಫ ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಚಿಕ್ಕ ಗುರುತು ಮಾತ್ರ. ಗೆರೆ ದಪ್ಪವಾದಷ್ಟೂ ಅದು ಮುಚ್ಚಿಹೋಗುತ್ತದೆ. ‘ಧನಸಹಾಯ’ ಹೋಗಿ ‘ದನಸಹಾಯ’ವಾಗುತ್ತದೆ!

ಸಾಮಾನ್ಯ ಕಣ್ಣು ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗದಷ್ಟು ಕೋನದ ಅಂತರವನ್ನು ಗುರುತಿಸಬಲ್ಲದು. ಅಂದರೆ 6 ಮೀಟರ್ ದೂರದಲ್ಲಿ ಸುಮಾರು 1.75 ಮಿಲಿಮೀಟರ್, 60 ಮೀಟರ್ ದೂರದಲ್ಲಿ 17.5 ಮಿಲಿಮೀಟರ್. ಇದಕ್ಕಿಂತ ಕಿರಿದಾದ ಗುರುತು ಫಲಕದಲ್ಲಿದ್ದೂ ಇಲ್ಲದಂತೆಯೇ.

ಆದ್ದರಿಂದ ಎರಡು ಮೂರು ಪದಗಳ ಶೀರ್ಷಿಕೆಗೆ, ಕ್ರೀಡಾಕೂಟದ ಬ್ಯಾನರಿಗೆ ದಪ್ಪನೆಯ ಓರೆ ಅಕ್ಷರ ಶೋಭಿಸುತ್ತದೆ. ಪುಟ ತುಂಬ ಬಳಸಿದರೆ ಕಣ್ಣಿಗೆ ಆಯಾಸ. ಬೆಳಕವಾಡಿಗೆ ಸಮೀಪದ ಶಿವನಸಮುದ್ರದಂಥ ಕಡೆ ‘ಸುಳಿ ಇದೆ, ನೀರಿಗೆ ಇಳಿಯಬೇಡಿ’ ಎಂದು ಬರೆಯುವಾಗ ಮಾತ್ರ ಅಲಂಕಾರ ಬೇಡವೇ ಬೇಡ. ಅಲ್ಲಿ ನೇರವಾದ, ಬಿಡಿಬಿಡಿಯಾದ ಅಕ್ಷರವೇ ಜೀವ ಉಳಿಸುವುದು.

ಮಕ್ಕಳೇ, ಒಂದು ಪ್ರಯೋಗ ಮಾಡಿ. ‘ದನ’, ‘ಧನ’ ಎಂದು ಎರಡು ಹಾಳೆಗಳಲ್ಲಿ ದಪ್ಪನಾಗಿ ಬರೆಯಿರಿ; ‘ಧ’ದ ಸೀಳು 2 ಮಿಲಿಮೀಟರ್ ಇರಲಿ. ಗೋಡೆಗೆ ಅಂಟಿಸಿ, ಹಿಂದಕ್ಕೆ ನಡೆಯುತ್ತ ಹೋಗಿ. ಲೆಕ್ಕದ ಪ್ರಕಾರ ಸುಮಾರು 7 ಮೀಟರಿನ ಆಸುಪಾಸಿನಲ್ಲಿ ವ್ಯತ್ಯಾಸ ಮಸುಕಾಗಬೇಕು. ಪೋಷಕರೂ ಜೊತೆಗೆ ನಿಂತು ಗಮನಿಸಲಿ. ಒಡನಾಡಿಗಳಿಗೆ ಸ್ಪಷ್ಟವಾಗಿ ಕಾಣುವ ಅಕ್ಷರಕ್ಕಾಗಿ ನಿಮ್ಮ ಮಗು ತೀರಾ ಹತ್ತಿರ ಬರಬೇಕಾದರೆ, ಗದರಿಸಬೇಡಿ. ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ.