ನೀರು ಸುರಿಯುವ ಕಣ್ಣೂ ಒಣಗಿರಬಹುದು: ಒಣಕಣ್ಣಿನ ಚಿಕಿತ್ಸೆ ಮತ್ತು ನಮ್ಮ ನಿಯಮಗಳು

ಗಾಳಿಗೆ ಹೊರಟರೆ ಕಣ್ಣಲ್ಲಿ ನೀರು ಸುರಿಯುತ್ತದೆ, ಸಂಜೆಯಾದರೆ ಮರಳು ಬಿದ್ದಂತೆ ಚುಚ್ಚುತ್ತದೆ ಎಂದು ಹೋದವರಿಗೆ ಕಣ್ಣಿನ ವೈದ್ಯರು “ನಿಮ್ಮ ಕಣ್ಣು ಒಣಗಿದೆ” ಎಂದರೆ ನಂಬುವುದು ಕಷ್ಟ. ನೀರು ಸುರಿಯುವ ಕಣ್ಣು ಒಣಗುವುದು ಹೇಗೆ? ಹಲವರು ಇಲ್ಲಿಯೇ ಎಡವುತ್ತಾರೆ. ವೈದ್ಯರ ಚೀಟಿಯನ್ನು ಪಕ್ಕಕ್ಕಿಟ್ಟು, ನೀರು ನಿಲ್ಲಿಸುವ ಔಷಧಿ ಕೇಳಲು ಮೆಡಿಕಲ್ ಸ್ಟೋರಿಗೆ ಹೋಗುತ್ತಾರೆ.

ಕಣ್ಣೀರು ಬರೀ ನೀರಲ್ಲ. ಕಣ್ಣಿನ ಮೇಲೆ ಸದಾ ಹರಡಿರುವ ತೇವದಲ್ಲಿ ಮೂರು ಅಂಶಗಳಿವೆ. ಕಣ್ಣಿಗೆ ಅಂಟಿಕೊಂಡಿರುವ ಲೋಳೆ, ಅದರ ಮೇಲೆ ನೀರು, ಎಲ್ಲಕ್ಕಿಂತ ಮೇಲೆ ಎಣ್ಣೆಯ ತೆಳುವಾದ ಪದರ. ಬಿಸಿ ಸಾರಿನ ಮೇಲೆ ತುಪ್ಪ ತೇಲುತ್ತಿದ್ದರೆ ಆವಿ ಬೇಗ ಏಳುವುದಿಲ್ಲವಲ್ಲ, ಈ ಎಣ್ಣೆಯ ಕೆಲಸವೂ ಅದೇ. ಇದನ್ನು ಸುರಿಸುವ ಸಣ್ಣ ಗ್ರಂಥಿಗಳು ರೆಪ್ಪೆಯ ಅಂಚಿನಲ್ಲಿ ಸಾಲಾಗಿವೆ. 1666ರಲ್ಲಿ ಇವುಗಳನ್ನು ವಿವರಿಸಿದ ಜರ್ಮನ್ ವೈದ್ಯ ಹೈನ್ರಿಕ್ ಮೈಬೋಮ್ ಹೆಸರಿನಿಂದ ಇವನ್ನು ಮೈಬೋಮಿಯನ್ ಗ್ರಂಥಿಗಳು ಎನ್ನುತ್ತಾರೆ. ವಯಸ್ಸಾದಂತೆ, ರೆಪ್ಪೆಯ ಉರಿಯೂತದಿಂದ, ಸರಿಯಾಗಿ ಕಣ್ಣು ಮಿಟುಕಿಸದೇ ಇರುವುದರಿಂದ ಇವುಗಳ ಬಾಯಿ ಕಟ್ಟಿಕೊಳ್ಳುತ್ತದೆ. ಒಳಗಿನ ಎಣ್ಣೆ ಚಳಿಗಾಲದ ಕೊಬ್ಬರಿ ಎಣ್ಣೆಯಂತೆ ಹೆಪ್ಪುಗಟ್ಟುತ್ತದೆ. ಮೇಲೆ ಎಣ್ಣೆಯಿಲ್ಲದ ನೀರು ಬೇಗ ಆರಿ, ಕಣ್ಣಿನ ಮೇಲೆ ಅಲ್ಲಲ್ಲಿ ಒಣ ಜಾಗಗಳಾಗುತ್ತವೆ. ಆಗ ನರಗಳು ಅಪಾಯದ ಸೂಚನೆ ಕೊಟ್ಟು ಕಣ್ಣೀರಿನ ಗ್ರಂಥಿ ಒಮ್ಮೆಲೇ ನೀರು ಸುರಿಸುತ್ತದೆ. ಆ ನೀರು ಕಣ್ಣಿನ ಮೇಲೆ ನಿಲ್ಲದೆ ಕೆನ್ನೆಗೆ ಜಾರುತ್ತದೆ.

ಕೆಲವರಲ್ಲಿ ನೀರಿನ ಅಂಶವೇ ಕಡಿಮೆಯಾಗುವುದೂ ಉಂಟು. ಆದರೆ ಒಣಕಣ್ಣು ಇರುವವರಲ್ಲಿ ಹೆಚ್ಚಿನವರಿಗೆ ಈ ಎಣ್ಣೆಯ ತೊಂದರೆ ಇದ್ದೇ ಇರುತ್ತದೆ. ಅದಕ್ಕೇ ಬರೀ ಹನಿ ಹಾಕಿಕೊಂಡು ಗುಣ ಕಾಣದವರು ಅಷ್ಟೊಂದು ಜನ.

ನಾವು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಬಾರಿ ಕಣ್ಣು ಮಿಟುಕಿಸುತ್ತೇವೆ. ಮೊಬೈಲ್ ಅಥವಾ ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್ ನೋಡುವಾಗ ಅದು ಅರ್ಧಕ್ಕಿಂತ ಕೆಳಗೆ ಇಳಿಯಬಹುದು. ಪುಸ್ತಕ ಓದುವಾಗಲೂ ಇಳಿಯುತ್ತದೆ. ಹಾಗಾಗಿ ಮೊಬೈಲನ್ನೇ ಮುಟ್ಟದೆ ದಿನವೂ ಗಂಟೆಗಟ್ಟಲೆ ಸ್ವಾಧ್ಯಾಯ ಮಾಡುವ ಅಜ್ಜ ಅಜ್ಜಿಯರಿಗೂ ಕಣ್ಣು ಉರಿಯುವುದರಲ್ಲಿ ಆಶ್ಚರ್ಯವಿಲ್ಲ. ಮುಟ್ಟು ನಿಂತ ನಂತರ ಮಹಿಳೆಯರಲ್ಲಿ ಈ ತೊಂದರೆ ಹೆಚ್ಚು. ಅಲರ್ಜಿಗೆ ನುಂಗುವ ಸೆಟ್ರಿಜಿನ್‌ನಂಥ ಮಾತ್ರೆ, ಖಿನ್ನತೆಯ ಕೆಲವು ಔಷಧಿ, ಮೊಡವೆಗೆ ಕೊಡುವ ಐಸೊಟ್ರೆಟಿನೊಯಿನ್, ಸಕ್ಕರೆ ಕಾಯಿಲೆ, ಕಾಂಟ್ಯಾಕ್ಟ್ ಲೆನ್ಸ್, ಲೇಸಿಕ್ ಅಥವಾ ಪೊರೆಯ ಶಸ್ತ್ರಚಿಕಿತ್ಸೆ, ಮುಖಕ್ಕೆ ನೇರ ಬೀಸುವ ಫ್ಯಾನ್, ಮುಚ್ಚಿದ ಕೋಣೆಯ ಊದುಬತ್ತಿ ಹೊಗೆ, ಇವೆಲ್ಲ ಸೇರಿಕೊಳ್ಳುತ್ತವೆ. ಕಣ್ಣಿನ ಜೊತೆ ಬಾಯಿಯೂ ಒಣಗುತ್ತಿದ್ದು ಕೀಲುನೋವು ಇದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಸ್ಜೋಗ್ರೆನ್ ಎಂಬ ಕಾಯಿಲೆ ಇರಬಹುದು. ಅದಕ್ಕೆ ರಕ್ತಪರೀಕ್ಷೆ ಬೇಕಾಗುತ್ತದೆ.

ಪರೀಕ್ಷೆ ಸುಲಭ. ಕೆಳರೆಪ್ಪೆಯ ಒಳಗೆ ಸೋಸುಕಾಗದದ ಸಣ್ಣ ಪಟ್ಟಿ ಇಟ್ಟು 5 ನಿಮಿಷದಲ್ಲಿ ಎಷ್ಟು ತೇವವಾಯಿತೆಂದು ಅಳೆಯುತ್ತಾರೆ. 5 ಮಿಲಿಮೀಟರಿಗಿಂತ ಕಡಿಮೆಯಾದರೆ ನೀರಿನ ಕೊರತೆ ಗಂಭೀರವಾಗಿದೆ ಎಂದರ್ಥ. ಇನ್ನೊಂದರಲ್ಲಿ ಹಳದಿ ಬಣ್ಣ ಹಾಕಿ, ಕಣ್ಣು ತೆರೆದ ಎಷ್ಟು ಸೆಕೆಂಡಿಗೆ ತೇವದ ಪದರ ಒಡೆಯುತ್ತದೆ ಎಂದು ನೋಡುತ್ತಾರೆ. 10 ಸೆಕೆಂಡಿಗಿಂತ ಮೊದಲೇ ಒಡೆದರೆ ಅದು ಸಹಜವಲ್ಲ.

ಮನೆಯ ಚಿಕಿತ್ಸೆಯಲ್ಲಿ ಬಿಸಿ ಶಾಖಕ್ಕೆ ಮೊದಲ ಸ್ಥಾನ. ಸ್ವಚ್ಛ ಹತ್ತಿಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಮಣಿಕಟ್ಟಿನ ಒಳಬದಿಗೆ ಮುಟ್ಟಿಸಿ ಸುಡುವುದಿಲ್ಲ ಎಂದು ಖಚಿತಪಡಿಸಿಕೊಂಡು, ಮುಚ್ಚಿದ ರೆಪ್ಪೆಗಳ ಮೇಲೆ ಇಡಬೇಕು. ಒಟ್ಟು 5ರಿಂದ 10 ನಿಮಿಷ ಬೇಕು. ಬಟ್ಟೆ ಬೇಗ ಆರುವುದರಿಂದ ಎರಡು ನಿಮಿಷಕ್ಕೊಮ್ಮೆ ಮತ್ತೆ ಅದ್ದುವುದು ಅಗತ್ಯ. ಒಮ್ಮೆ ಇಟ್ಟು ತೆಗೆದರೆ ಒಳಗಿನ ಎಣ್ಣೆ ಕರಗುವುದಿಲ್ಲ. ಆಮೇಲೆ ತೊಳೆದ ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ, ಅಂಚಿನ ಕಡೆಗೆ ಮೆಲ್ಲನೆ ಸವರಬೇಕು. ಕಣ್ಣುಗುಡ್ಡೆಯನ್ನು ಒತ್ತಬಾರದು. ಇದನ್ನು ದಿನಕ್ಕೆ ಒಂದೆರಡು ಸಲದಂತೆ ಕೆಲವು ವಾರ ಬಿಡದೆ ಮಾಡಿದರೆ ಮಾತ್ರ ಫಲ. ಖರ್ಚಿಲ್ಲದ ಚಿಕಿತ್ಸೆ ಎಂದೇ ಏನೋ, ಜನ ಇದನ್ನು ಬೇಗ ಕೈಬಿಡುತ್ತಾರೆ.

ಕೃತಕ ಕಣ್ಣೀರಿನ ಹನಿಗಳ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಕೇಳುವ ಮೊದಲ ಪ್ರಶ್ನೆ, ಅದರಲ್ಲಿ ಏನಿದೆ ಎಂಬುದು. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಹೈಪ್ರೊಮೆಲೋಸ್ ಎಂದು ಬರೆದಿದ್ದರೆ ಅವು ಸಸ್ಯದ ನಾರಿನಿಂದ ತಯಾರಾದವು. ಸೋಡಿಯಂ ಹೈಲುರೊನೇಟ್ ಹಿಂದೆ ಕೋಳಿಯ ಜುಟ್ಟಿನಿಂದ ತೆಗೆಯುತ್ತಿದ್ದ ವಸ್ತು. ಈಗ ಹೆಚ್ಚಾಗಿ ಬ್ಯಾಕ್ಟೀರಿಯಾ ಹುದುಗಿಸಿ ತಯಾರಿಸುತ್ತಾರೆ. ಲೇಬಲ್ ಮೇಲೆ ಮೂಲ ಬರೆದಿರುವುದಿಲ್ಲವಾದ್ದರಿಂದ, ಸಂಶಯವಿದ್ದವರು ಸೆಲ್ಯುಲೋಸ್ ಹನಿಯನ್ನೇ ಬರೆದುಕೊಡಿ ಎಂದು ಕೇಳಬಹುದು. ರಾತ್ರಿ ಹಚ್ಚುವ ಕೆಲವು ಮುಲಾಮುಗಳಲ್ಲಿ ಕುರಿಯ ಉಣ್ಣೆಯ ಜಿಡ್ಡಾದ ಲ್ಯಾನೊಲಿನ್ ಇರುತ್ತದೆ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಹನಿ ಬೇಕಾದವರಿಗೆ ಸಂರಕ್ಷಕ ಸೇರಿಸದ ಹನಿಯೇ ಒಳ್ಳೆಯದು. ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕ ಪದೇ ಪದೇ ಬಿದ್ದರೆ ಕಣ್ಣಿನ ಮೇಲ್ಮೈಗೇ ಹಾನಿ.

ಉಪವಾಸದ ದಿನ ಮತ್ತು ಸೂರ್ಯಾಸ್ತದ ನಂತರ ಹನಿ ಹಾಕಿಕೊಳ್ಳಬಹುದೇ? ಅದು ಆಹಾರವೋ ಅಲ್ಲವೋ ಎಂದು ಹೇಳುವುದು ವೈದ್ಯರ ಕೆಲಸವಲ್ಲ, ಗುರುಗಳನ್ನು ಕೇಳಬೇಕು. ದೇಹದ ವಿಷಯ ಮಾತ್ರ ಇಲ್ಲಿ ಹೇಳಬಹುದು. ಕಣ್ಣಿನ ಒಳಮೂಲೆಯಿಂದ ಮೂಗಿಗೆ ಒಂದು ನಾಳವಿದೆ. ಹನಿ ಅಲ್ಲಿಂದ ಗಂಟಲಿಗೆ ಇಳಿಯುತ್ತದೆ. ಅದಕ್ಕೇ ಕೆಲವು ಹನಿಗಳು ಬಾಯಲ್ಲಿ ಕಹಿ ಎನಿಸುವುದು. ಹನಿ ಹಾಕಿದ ಕೂಡಲೇ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಆ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿದರೆ ಗಂಟಲಿಗೆ ಇಳಿಯುವುದು ಬಹಳ ಕಡಿಮೆಯಾಗುತ್ತದೆ, ಔಷಧಿಯೂ ಕಣ್ಣಲ್ಲೇ ಉಳಿಯುತ್ತದೆ. ಸಾಮಾನ್ಯ ಕೃತಕ ಕಣ್ಣೀರಾದರೆ ಹಗಲಿನಲ್ಲೇ ಮುಗಿಯುವಂತೆ ಹೊಂದಿಸಿಕೊಡಿ ಎಂದು ವೈದ್ಯರಲ್ಲಿ ಕೇಳಲು ಸಂಕೋಚ ಬೇಡ. ಆದರೆ ಗ್ಲಾಕೋಮಾ ಹನಿಗಳ ಹೊತ್ತನ್ನು ಯಾರೂ ತಾವಾಗಿ ಬದಲಿಸಬಾರದು. ಅಲ್ಲಿ ತಪ್ಪಿದರೆ ಹೋದ ದೃಷ್ಟಿ ಮರಳುವುದಿಲ್ಲ.

ದಶಲಕ್ಷಣ, ಪರ್ಯೂಷಣದ ಉಪವಾಸಗಳಲ್ಲಿ ದೇಹದ ನೀರು ಕಡಿಮೆಯಾದಾಗ ಕಣ್ಣೀರಿನಲ್ಲಿ ಉಪ್ಪಿನ ಅಂಶ ಏರಿ ಉರಿ ಹೆಚ್ಚಬಹುದು. ಸಂಜೆ ನೀರು ಬಿಡುವವರು ಕಾಯಿಸಿದ ನೀರನ್ನು ಕೊನೆಯ ಗಳಿಗೆಯಲ್ಲಿ ಒಟ್ಟಿಗೆ ಕುಡಿಯುವ ಬದಲು ಹಗಲಿನುದ್ದಕ್ಕೂ ಹಂಚಿಕೊಂಡು ಕುಡಿಯುವುದು ಮೇಲು.

ಇನ್ನು ಮೀನೆಣ್ಣೆ. “ಒಮೆಗಾ-3 ತೆಗೆದುಕೊಳ್ಳದಿದ್ದರೆ ಒಣಕಣ್ಣು ಗುಣವಾಗದು” ಎಂಬ ಮಾತು ಕೇಳಿ ಸಂಕಟಪಟ್ಟ ಮನೆಗಳಿವೆ. ಪಡಬೇಕಾಗಿಲ್ಲ. ಅಮೆರಿಕದಲ್ಲಿ 500ಕ್ಕೂ ಹೆಚ್ಚು ಒಣಕಣ್ಣಿನ ರೋಗಿಗಳ ಮೇಲೆ ಒಂದು ವರ್ಷ ನಡೆದು 2018ರಲ್ಲಿ ಪ್ರಕಟವಾದ ಡ್ರೀಮ್ ಎಂಬ ಅಧ್ಯಯನದಲ್ಲಿ, ಮೀನೆಣ್ಣೆಯ ಒಮೆಗಾ-3 ತೆಗೆದುಕೊಂಡವರಿಗೂ ಆಲಿವ್ ಎಣ್ಣೆ ತೆಗೆದುಕೊಂಡವರಿಗೂ ಗುಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಗಸೆ ಚಟ್ನಿಪುಡಿಯನ್ನು ರೊಟ್ಟಿಗೆ ಹಚ್ಚಿಕೊಂಡು ಧಾರಾಳವಾಗಿ ತಿನ್ನಿ, ಆದರೆ ಅದನ್ನೂ ಔಷಧಿ ಎಂದುಕೊಳ್ಳಬೇಡಿ. ಗಜ್ಜರಿ ತಿನ್ನದಿದ್ದರೆ ಕಣ್ಣು ಹಾಳು ಎಂಬ ಹೆದರಿಕೆಯೂ ಬೇಡ. ಮಾವು, ಪಪ್ಪಾಯಿ, ಸಿಹಿಗುಂಬಳ, ನುಗ್ಗೆ ಸೊಪ್ಪಿನಿಂದ ಎ ಜೀವಸತ್ವಕ್ಕೆ ಬೇಕಾದ ಅಂಶ ಸಿಗುತ್ತದೆ, ಹಾಲು ತುಪ್ಪದಲ್ಲಿಯೂ ಅದಿದೆ. ಯಕೃತ್ತು ಅದನ್ನು ತಿಂಗಳುಗಟ್ಟಲೆ ಕೂಡಿಡುವುದರಿಂದ ಚಾತುರ್ಮಾಸದಲ್ಲಿ ಸೊಪ್ಪು ಬಿಟ್ಟರೂ ತೊಂದರೆಯಿಲ್ಲ. ಸರಿಯಾಗಿ ಊಟ ಸೇರದ ಮಗುವಿಗೆ ಮಬ್ಬುಗತ್ತಲಲ್ಲಿ ಕಣ್ಣು ಕಾಣದಿದ್ದರೆ ಮಾತ್ರ ತಡಮಾಡದೆ ತೋರಿಸಬೇಕು.

ಜೇನು ನಮ್ಮಲ್ಲಿ ವರ್ಜ್ಯವಾದರೂ “ಔಷಧಿಗೆ ತಾನೇ” ಎಂದು ಕಣ್ಣಿಗೆ ಬಿಡುವವರಿದ್ದಾರೆ. ಎದೆಹಾಲು, ಹರಳೆಣ್ಣೆ ಬಿಡುವವರೂ ಇದ್ದಾರೆ. ಇವು ಯಾವುವೂ ಕ್ರಿಮಿರಹಿತವಲ್ಲ. ಇದಕ್ಕಿಂತ ಅಪಾಯ, ಚೀಟಿಯಿಲ್ಲದೆ ಕೊಂಡ ಸ್ಟೀರಾಯ್ಡ್ ಹನಿ. ಎರಡೇ ದಿನದಲ್ಲಿ ಕೆಂಪು ಇಳಿದು ಹಾಯೆನಿಸುತ್ತದೆ, ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ, ಪೊರೆ ಎರಡೂ ಬರಬಹುದು. ವೈದ್ಯರು ಬರೆದರೆ ಕೆಲವು ದಿನಗಳ ಲೆಕ್ಕದಲ್ಲಿ, ತಪಾಸಣೆಯೊಂದಿಗೆ ಬಳಸಬೇಕಾದದ್ದು ಅದು. ಸೈಕ್ಲೋಸ್ಪೊರಿನ್ ಹನಿ ಕೊಟ್ಟಿದ್ದರೆ ಗುಣ ಕಾಣಲು ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಹದಿನೈದು ದಿನಕ್ಕೆ ಬೇಸತ್ತು ನಿಲ್ಲಿಸಬೇಡಿ.

ತೀವ್ರ ನೋವು, ಬೆಳಕು ನೋಡಲಾಗದಿರುವುದು, ದೃಷ್ಟಿ ಮಂಜಾಗಿ ಮಿಟುಕಿಸಿದರೂ ತಿಳಿಯಾಗದಿರುವುದು, ಕೀವು, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಇವು ಬರೀ ಒಣಕಣ್ಣಲ್ಲ. ಅಂದೇ ಆಸ್ಪತ್ರೆಗೆ ಹೋಗಬೇಕು, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಂತೂ ಒಂದು ರಾತ್ರಿಯೂ ಕಾಯಬಾರದು. ಮನೆಯಲ್ಲಿ ಅರ್ಧ ಉಳಿದ ಹನಿಬಾಟಲಿಗಳಿದ್ದರೆ ತೆಗೆದು ನೋಡಿ. ಸಾಮಾನ್ಯ ಬಾಟಲಿಯನ್ನು ತೆರೆದ ಒಂದು ತಿಂಗಳಿಗೆ ಬಿಸಾಡಬೇಕು. ಇನ್ನು ಮುಂದೆ ಹೊಸದನ್ನು ತೆರೆದ ದಿನವೇ ಅದರ ಮೇಲೆ ತಾರೀಕು ಬರೆದಿಡಿ, ಒಬ್ಬರ ಬಾಟಲಿಯನ್ನು ಇನ್ನೊಬ್ಬರು ಬಳಸಬೇಡಿ.