ಜೀವಕಣಗಳ ಕಸುಬೂ ಅದನ್ನು ಬದಲಿಸುವ ಮದ್ದುಗಳೂ

ಕಳೆದ ಬೇಸಿಗೆಯ ರಜದಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಕಾಣಬಂದಳು. ಅವಳಿಗೆ ಎಳೆತನದಿಂದಲೂ ಮೂರ್ಛೆರೋಗವುಂಟು. ಮದ್ದಿನ ಬಲದಿಂದ ಅದು ಅನೇಕ ವರ್ಷಗಳಿಂದ ಅಡಗಿದೆ. ವಿವಾಹವು ಗೊತ್ತಾದ ಸಂಗತಿಯನ್ನು ವೈದ್ಯರಿಗೆ ತಿಳಿಸಿದಾಗ ಅವರು ಅವಳು ಸೇವಿಸುತ್ತಿದ್ದ ವಾಲ್ಪ್ರೊಯೇಟ್ ಎಂಬ ಗುಳಿಗೆಯನ್ನು ಮೆಲ್ಲಮೆಲ್ಲನೆ ಕಡಿಮೆಮಾಡಿ, ಬೇರೊಂದನ್ನು ಕೊಡತೊಡಗಿದರಂತೆ. "ಇಷ್ಟು ವರ್ಷ ನನ್ನನ್ನು ಕಾಪಾಡಿದ ಮದ್ದು ಈಗ ಯಾಕೆ ಸಲ್ಲದು, ಅಮ್ಮಾ?" ಎಂದು ಅವಳು ಕೇಳಿದಳು. ಜೀವಶಾಸ್ತ್ರವನ್ನು ಅವಳಿಗೆ ಕಲಿಸಿದವಳು ನಾನೇ. ಆದರೂ ಅಂದು ನಾನು ಕೊಟ್ಟ ಉತ್ತರವು ಅರೆಬರೆಯಾಗಿತ್ತು. ಉಳಿದರ್ಧವನ್ನು ಇಲ್ಲಿ ಬರೆಯುತ್ತೇನೆ. ಯಾಕಂದರೆ ಇದನ್ನು ಕೇಳಬೇಕಾದ ತಾಯಂದಿರೂ ಮಗಳಂದಿರೂ ಇನ್ನೂ ಅನೇಕರಿರಬಹುದು.

ಮನುಷ್ಯದೇಹವು ಒಂದೇ ಒಂದು ಜೀವಕಣದಿಂದ ಆರಂಭವಾಗುತ್ತದೆ. ಅದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತ, ಕಡೆಗೆ ಚರ್ಮ, ಮಾಂಸ, ನರ, ನೆತ್ತರು ಮೊದಲಾದ 200ಕ್ಕೂ ಮಿಕ್ಕ ಬಗೆಯ ಕಣಗಳಾಗುತ್ತದೆ. ವಿಚಿತ್ರವೇನಂದರೆ, ಬಲಿತ ಕೆಂಪು ರಕ್ತಕಣದಂಥ ಕೆಲವನ್ನು ಬಿಟ್ಟರೆ, ಇವೆಲ್ಲವುಗಳೊಳಗೂ ಇರುವ ಡಿ. ಎನ್. ಎ. ಎಂಬ ಗ್ರಂಥವು ಒಂದೇ. ಕಣ್ಣಿನ ಕಣದಲ್ಲಿಯೂ ಯಕೃತ್ತಿನ ಪಾಠವುಂಟು. ಆದರೆ ಅದನ್ನು ಅಲ್ಲಿ ಯಾರೂ ಓದುವದಿಲ್ಲ. ಪ್ರತಿಯೊಂದು ಕಣವು ತನ್ನ ಕಸುಬಿಗೆ ಬೇಕಾದ ಪುಟಗಳನ್ನು ಮಾತ್ರ ತೆರೆದಿಟ್ಟು, ಮಿಕ್ಕವುಗಳಿಗೆ ಮುದ್ರೆಯೊತ್ತಿ ಮುಚ್ಚಿಡುತ್ತದೆ. ಗ್ರಂಥದ ಅಕ್ಷರವನ್ನು ತಿದ್ದದೆ ಅದರ ಓದನ್ನು ಮಾತ್ರ ಆಳುವ ಈ ಏರ್ಪಾಡಿಗೆ ಎಪಿಜೆನೆಟಿಕ್ ಎಂಬ ಹೆಸರು ಇಂದು ಸಲ್ಲುತ್ತದೆ. ಆ ಶಬ್ದವನ್ನು 1942ರಲ್ಲಿ ಬಳಕೆಗೆ ತಂದ ಇಂಗ್ಲೆಂಡಿನ ವಾಡಿಂಗ್ಟನ್ ಎಂಬ ವಿದ್ವಾಂಸನು, ಬೆಳೆಯುವ ಕಣವನ್ನು ಬೆಟ್ಟದ ತುದಿಯಿಂದ ಕಣಿವೆಗಳೊಳಗೆ ಉರುಳುವ ಚೆಂಡಿಗೆ ಹೋಲಿಸಿದನು. ನಮ್ಮವರಿಗೆ ಘಟ್ಟದ ಮಳೆಯು ಇನ್ನೂ ಚೆನ್ನಾಗಿ ಅರ್ಥವಾದೀತು. ಚಿಕ್ಕಮಗಳೂರು ಸೀಮೆಯ ಏಣಿನ ಮೇಲೆ ಬೀಳುವ ಹನಿಯು ಗೇಣುದ್ದ ಪಡುವಲಿಗೆ ಬಿದ್ದರೆ ನೇತ್ರಾವತಿಯನ್ನು ಸೇರಿ ಮಂಗಳೂರಿನ ಕಡಲಿಗೂ, ಮೂಡಲಿಗೆ ಬಿದ್ದರೆ ಹೇಮಾವತಿಯನ್ನೂ ಕಾವೇರಿಯನ್ನೂ ಸೇರಿ ಬಂಗಾಳದ ಕೊಲ್ಲಿಗೂ ಹೋಗುತ್ತದೆ. ಇಳಿದ ಹನಿಯು ತಾನಾಗಿ ಹಿಂದಕ್ಕೆ ಹತ್ತಲಾರದು.

ಈ ಮುದ್ರೆಗಳಲ್ಲಿ ಮುಖ್ಯವಾದವು ಎರಡು. ಮೊದಲನೆಯದು ಮೀಥೈಲ್ ಎಂಬ ಚಿಕ್ಕ ಅಣುಗುಂಪು. ಇದು ಡಿ. ಎನ್. ಎ.ಯ ಮೇಲೆಯೇ ಅಂಟಿಕೊಂಡು ಬಹುಮಟ್ಟಿಗೆ ಆ ಭಾಗದ ಓದನ್ನು ತಡೆಯುತ್ತದೆ. ಕಣವು ಇಬ್ಭಾಗವಾಗುವಾಗ ಗ್ರಂಥದ ನಕಲು ತೆಗೆಯಲ್ಪಡುತ್ತದಷ್ಟೆ. ಆಗ ಒಂದು ಕಿಣ್ವವು ನಿಷ್ಠಾವಂತ ಗುಮಾಸ್ತನಂತೆ ಹಳೆಯ ಎಳೆಯಲ್ಲಿ ಮುದ್ರೆಯಿದ್ದ ಕಡೆಯಲ್ಲೆಲ್ಲ ಹೊಸ ಎಳೆಗೂ ಮುದ್ರೆಯೊತ್ತುತ್ತ ಹೋಗುತ್ತದೆ. ಚರ್ಮದ ಕಣದ ಮಕ್ಕಳು ಚರ್ಮವೇ ಆಗುವದಕ್ಕೆ ಇದೂ ಒಂದು ಕಾರಣ.

ಆ ಗುಮಾಸ್ತನ ಕೈ ಕಟ್ಟಿದರೆ ಏನಾದೀತು? ಪ್ರಾಗ್ ನಗರದ ರಸಾಯನಜ್ಞರು 1964ರಲ್ಲಿ ಅಜಾಸಿಟಿಡಿನ್ ಎಂಬ ವಸ್ತುವನ್ನು ತಯಾರಿಸಿದ್ದರು. ಅದು ಡಿ. ಎನ್. ಎ.ಯ ಒಂದು ಅಕ್ಷರವನ್ನು ಎಷ್ಟು ಹೋಲುತ್ತದೆಂದರೆ, ನಕಲಿನ ವೇಳೆಯಲ್ಲಿ ಕಣವು ಮೋಸಹೋಗಿ ಅದನ್ನೇ ಪೋಣಿಸಿಬಿಡುತ್ತದೆ. ಮುದ್ರೆಯೊತ್ತಲು ಬಂದ ಕಿಣ್ವವು ಅದಕ್ಕೆ ಅಂಟಿ ಸಿಕ್ಕಿಕೊಳ್ಳುತ್ತದೆ. ಆ ಮೇಲೆ ಎರಡು ಮೂರು ಪೀಳಿಗೆಗಳಲ್ಲಿ ಮುದ್ರೆಗಳು ಮಾಸುತ್ತವೆ. 1977ರಲ್ಲಿ ದಕ್ಷಿಣ ಆಫ್ರಿಕದ ಸ್ಟೆಲೆನ್‌ಬಾಷ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಜೋನ್ಸರೂ ಅವರ ಸಂಗಡಿಗರೂ ಇಲಿಯ ಭ್ರೂಣದಿಂದ ಬಂದ ಸಾಮಾನ್ಯ ಕಣಗಳಿಗೆ ಈ ಮದ್ದನ್ನು ಕೊಟ್ಟರು. ಕೆಲವು ದಿನಗಳ ತರುವಾಯ ಗಾಜಿನ ತಟ್ಟೆಯಲ್ಲಿ ಕಂಡದ್ದೇನು? ಪಟ್ಟೆಪಟ್ಟೆಯಾದ, ತಾವಾಗಿಯೇ ಮಿಡಿಯುವ ಮಾಂಸದ ಕಣಗಳು! ಕೊಬ್ಬಿನ ಕಣಗಳೂ ಮೃದ್ವಸ್ಥಿಯ ಕಣಗಳೂ ಆ ಕುಲದಿಂದಲೇ ಹುಟ್ಟಿದವು. 1980ರಲ್ಲಿ ಜೋನ್ಸ್ ಮತ್ತು ಶರ್ಲಿ ಟೇಲರ್ ಇವರು ಮೀಥೈಲ್ ಮುದ್ರೆಯ ನಾಶವೇ ಇದಕ್ಕೆ ಸಂಬಂಧಪಟ್ಟ ಸಂಗತಿಯೆಂದು ತೋರಿಸಿದರು. ಇಂಥ ಕಣಗಳನ್ನೇ ಶೋಧಿಸಿ 1987ರಲ್ಲಿ ಮಾಂಸದ ಕಸುಬನ್ನು ಹೊರಡಿಸುವ ಒಡೆಯ ಜೀನು ಒಂದನ್ನು ಕಂಡುಹಿಡಿದರು. ಅದಕ್ಕೆ ಮಯೋ-ಡಿ ಎಂದು ಹೆಸರು.

ಎರಡನೆಯ ಮುದ್ರೆಯನ್ನು ನಮ್ಮ ಹೊಲಿಗೆಯ ತರಗತಿಯ ಭಾಷೆಯಲ್ಲಿ ಹೇಳಬಹುದು. ಡಿ. ಎನ್. ಎ.ಯ ದಾರವು ಹಿಸ್ಟೋನ್ ಎಂಬ ಉರುಳೆಗಳಿಗೆ ಸುತ್ತಿಕೊಂಡಿದೆ. ಉರುಳೆಗಳಿಗೆ ಅಸಿಟೈಲ್ ಗುಂಪು ಅಂಟಿದರೆ ಸುತ್ತು ಸಡಿಲವಾಗಿ ಪಾಠವು ಓದಲು ಸಿಗುತ್ತದೆ. ಡಿ-ಅಸಿಟೈಲೇಸ್ ಎಂಬ ಕಿಣ್ವವು ಅದನ್ನು ಕಿತ್ತರೆ ಸುತ್ತು ಬಿಗಿಯುತ್ತದೆ. ಬಿಗಿಯುವವನನ್ನು ತಡೆಯುವ ಮದ್ದು ಕೊಟ್ಟರೆ ದಾರವು ಸಡಿಲವಾಗಿಯೇ ಉಳಿಯುವದು.

ಇದರ ಚರಿತ್ರೆಯಲ್ಲಿ ನಮ್ಮ ಹುಡುಗಿಯರು ತಿಳಿಯತಕ್ಕ ಹೆಸರೊಂದುಂಟು. ಷಾರ್ಲೆಟ್ ಫ್ರೆಂಡ್ ಎಂಬಾಕೆ 1921ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, ಮೂರು ವರ್ಷದವಳಿರುವಾಗಲೇ ತಂದೆಯನ್ನು ಕಳಕೊಂಡವಳು. ಇಲಿಗಳ ರಕ್ತದ ಅರ್ಬುದವನ್ನು ವೈರಸ್ಸು ಉಂಟುಮಾಡಬಲ್ಲದೆಂದು ಆಕೆ 1956ರಲ್ಲಿ ವಿದ್ವಾಂಸರ ಸಭೆಗೆ ತಿಳಿಸಿದಾಗ ಅನೇಕರು ಕಟುವಾಗಿ ಟೀಕಿಸಿದರು. ಆಕೆಯ ಮಾತು ನಿಜವಾಯಿತು. 1971ರಲ್ಲಿ ಆ ಅರ್ಬುದದ ಕಣಗಳಿಗೇ ಡಿ. ಎಂ. ಎಸ್. ಓ. ಎಂಬ ದ್ರಾವಕವನ್ನು ಬೆರಸಲು, ಅವು ಹುಚ್ಚುಹುಚ್ಚಾಗಿ ಬೆಳೆಯುವದನ್ನು ಬಿಟ್ಟು, ಹಿಮೋಗ್ಲೋಬಿನನ್ನು ತಯಾರಿಸುತ್ತ ಕೆಂಪಡರಿದವು. ಅರ್ಬುದದ ಕಣವೆಂದರೆ ಕಸುಬು ಕಲಿಯದೆ ದಾರಿಯಲ್ಲಿ ನಿಂತ ಕಣವೆಂದೂ, ಅದನ್ನು ಕೊಲ್ಲದೆ ತಿದ್ದಬಹುದೆಂದೂ ಆಗ ಆಸೆ ಹುಟ್ಟಿತು. ಪಾಲ್ ಮಾರ್ಕ್ಸ್, ರೊನಾಲ್ಡ್ ಬ್ರೆಸ್ಲೋ ಎಂಬವರು ಆ ದ್ರಾವಕಕ್ಕಿಂತ ಪ್ರಬಲವಾದ ವಸ್ತುಗಳನ್ನು ವರ್ಷಗಟ್ಟಲೆ ಹುಡುಕಿದರು. ಇತ್ತ ಜಪಾನಿನ ಮಿನೋರು ಯೋಷಿದಾ, ಅದೇ ಬಗೆಯ ಕಣಗಳನ್ನು ಬಲಿಸುತ್ತಿದ್ದ ಟ್ರೈಕೋಸ್ಟಾಟಿನ್ ಎಂಬ ವಸ್ತುವು ಡಿ-ಅಸಿಟೈಲೇಸನ್ನು ತಡೆಯುತ್ತದೆಂದು 1990ರಲ್ಲಿ ಪ್ರಕಟಿಸಿದನು. ಮಾರ್ಕ್ಸರ ವಸ್ತುವೂ ಅದನ್ನೇ ಮಾಡುತ್ತಿತ್ತು. ವೊರಿನೊಸ್ಟಾಟ್ ಎಂಬ ಹೆಸರಿನಿಂದ ಅದು 2006ರಲ್ಲಿ ಚರ್ಮದಲ್ಲಿ ಕಾಣುವ ಒಂದು ಬಗೆಯ ಲಿಂಫೋಮಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅಜಾಸಿಟಿಡಿನಿಗೆ ಮಜ್ಜೆಯ ಒಂದು ರೋಗಕ್ಕಾಗಿ 2004ರಲ್ಲಿಯೇ ಒಪ್ಪಿಗೆಯಾಗಿತ್ತು.

ಪತ್ರಿಕೆಗಳು ಇವುಗಳನ್ನು ಸಂಜೀವಿನಿಯೆಂದು ಕರೆಯುವದು ನನಗೆ ಒಪ್ಪಿಗೆಯಿಲ್ಲ. ರೋಗಿಗಳಿಗೆ ಇವುಗಳಿಂದ ಆಯುಷ್ಯ ಸಿಕ್ಕಿದ್ದುಂಟು. ಆದರೂ ಅನೇಕರಲ್ಲಿ ರೋಗವು ಮರಳುತ್ತದೆ. ಅಲ್ಲದೆ ಈ ಮದ್ದುಗಳು ಯಾವ ಪುಟವನ್ನು ತೆರೆಯಬೇಕೆಂದು ಆರಿಸಲಾರವು. ಕೊಟಡಿಯ ಎಲ್ಲಾ ಬೀಗಗಳನ್ನೂ ಒಟ್ಟಿಗೆ ಅಲ್ಲಾಡಿಸುತ್ತವೆ. ಬಲಿತ ದೇಹವು ಅದನ್ನು ಹೇಗೋ ತಾಳಿಕೊಳ್ಳಬಹುದು. ಪುಟಗಳನ್ನು ಮುಚ್ಚುವದೂ ತೆರೆಯುವದೂ ಗಂಟೆಗಂಟೆಗೂ ನಡೆಯುತ್ತಿರುವ ಭ್ರೂಣದ ಸ್ಥಿತಿಯೇನು?

ಇಲ್ಲಿ ನಮ್ಮ ಹುಡುಗಿಯ ಗುಳಿಗೆಯು ಬರುತ್ತದೆ. ವಾಲ್ಪ್ರೊಯಿಕ್ ಆಮ್ಲವು 1882ರಷ್ಟು ಹಿಂದೆಯೇ ತಯಾರಾಗಿ, ಬರಿಯ ದ್ರಾವಕವೆನಿಸಿಕೊಂಡಿತ್ತು. ಅದು ಸೆಳವನ್ನು ತಡೆಯುತ್ತದೆಂಬದು ಫ್ರಾನ್ಸಿನಲ್ಲಿ 1960ರ ದಶಕದ ಆದಿಯಲ್ಲಿ ಆಕಸ್ಮಿಕವಾಗಿ ಗೊತ್ತಾಯಿತು. 1982ರಲ್ಲಿ ಲಿಯೋನ್ ನಗರದಿಂದ ಎಚ್ಚರಿಕೆಯೊಂದು ಹೊರಟಿತು: ಇದನ್ನು ಸೇವಿಸಿದ ತಾಯಂದಿರ ಕೂಸುಗಳಲ್ಲಿ ಬೆನ್ನುಹುರಿ ಮುಚ್ಚಿಕೊಳ್ಳದ ದೋಷವು ಹೆಚ್ಚಾಗಿ ಕಾಣುತ್ತದೆಂದು. 2001ರಲ್ಲಿ ಎರಡು ಶೋಧಕರ ತಂಡಗಳು, ವಾಲ್ಪ್ರೊಯೇಟ್ ಸಹ ಚಿಕಿತ್ಸೆಯ ಸಾಮಾನ್ಯ ಪ್ರಮಾಣದಲ್ಲಿಯೇ ಡಿ-ಅಸಿಟೈಲೇಸನ್ನು ತಡೆಯುತ್ತದೆಂದು ತೋರಿಸಿದವು. ಅದರ ಹತ್ತಿರದ ನೆಂಟನಾದ ವಾಲ್ಪ್ರೊಮೈಡ್ ಆ ಕಿಣ್ವವನ್ನು ತಡೆಯುವದಿಲ್ಲ; ಪ್ರಾಣಿಗಳ ಭ್ರೂಣಗಳಿಗೆ ಅದರಿಂದ ಅಂಥ ಕೇಡು ಬಹಳ ಕಡಿಮೆ. ಆದದರಿಂದ ಕೇಡಿನ ಮೂಲವು ಬಹುಶಃ ಇಲ್ಲಿಯೇ ಇದೆಯೆಂದು ಅನೇಕರ ಅಭಿಪ್ರಾಯ.

ಬಸಿರಿನಲ್ಲಿ ಈ ಮದ್ದು ಸೇವಿಸಿದ ತಾಯಂದಿರ 100 ಕೂಸುಗಳಲ್ಲಿ ಸುಮಾರು 10ಕ್ಕೆ ದೊಡ್ಡ ಅಂಗದೋಷಗಳೂ, 30ರಿಂದ 40ಕ್ಕೆ ಮಾತು, ಕಲಿಕೆ ಮೊದಲಾದವುಗಳ ಬೆಳವಣಿಗೆಯಲ್ಲಿ ಕುಂದುಗಳೂ ಕಂಡಿವೆ. ಬೆನ್ನುಹುರಿಯ ನಾಳವು ಗರ್ಭ ನಿಂತ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಅನೇಕ ಹೆಂಗಸರಿಗೆ ತಾವು ಬಸುರಿಯೆಂಬದೇ ತಿಳಿದಿರುವದಿಲ್ಲ. ವೈದ್ಯರು ವಿವಾಹಕ್ಕೆ ಮುಂಚೆಯೇ ಗುಳಿಗೆಯನ್ನು ಬದಲಿಸಿ, ಫೋಲಿಕ್ ಆಮ್ಲವನ್ನು ಸೇರಿಸಿದ ಕಾರಣ ಇದೇ. ಆದರೆ ಇದನ್ನೋದಿ ಯಾರೂ ಗುಳಿಗೆಯನ್ನು ತಾವಾಗಿ ನಿಲ್ಲಿಸಬಾರದು. ಹಠಾತ್ತಾಗಿ ನಿಲ್ಲಿಸಿದರೆ ಬರುವ ಸೆಳವು ತಾಯಿ ಮಗು ಇಬ್ಬರ ಪ್ರಾಣಕ್ಕೂ ಅಪಾಯಕರ; ಬದಲಾವಣೆಯು ವೈದ್ಯರ ಕೈಯಿಂದಲೇ ಆಗತಕ್ಕದ್ದು.

ಅವಳಿಗೆ ಇನ್ನೊಂದು ಅಂಜಿಕೆಯಿತ್ತು. ರೋಗದ ಸುದ್ದಿಯನ್ನು ವರನ ಮನೆಯವರಿಂದ ಮುಚ್ಚಿಡುವಂತೆ ಬಂಧುಗಳು ಒತ್ತಾಯಪಡಿಸಿದ್ದರು. ಮುಚ್ಚಿಟ್ಟ ಹೆಂಡತಿಯು ಗುಳಿಗೆಯನ್ನು ಕದ್ದು ನುಂಗಬೇಕು, ಹೆರಿಗೆಯ ವೈದ್ಯರೊಡನೆಯೂ ಗಂಡನ ಮುಂದೆ ಬಾಯಿಬಿಡಲಾರಳು. ಮೂರ್ಛೆರೋಗವನ್ನು ವಿವಾಹರದ್ದತಿಯ ಕಾರಣವೆಂದು ಹೇಳುತ್ತಿದ್ದ ಮಾತನ್ನು ನಮ್ಮ ದೇಶದ ಹಿಂದೂ ವಿವಾಹ ಕಾಯಿದೆಯಿಂದಲೂ ವಿಶೇಷ ವಿವಾಹ ಕಾಯಿದೆಯಿಂದಲೂ 1999ರಲ್ಲಿ ತೆಗೆದುಹಾಕಲಾಗಿದೆಯೆಂದು ಅವಳಿಗೆ ತಿಳಿಸಿದೆನು. ಅವಳು ವರನಿಗೆ ತಾನೇ ಪತ್ರ ಬರೆದಳು. ಮುಂದಿನ ಸಾರಿ ವೈದ್ಯರ ಬಳಿಗೆ ಹೋದಾಗ ಅವನೂ ಜೊತೆಯಲ್ಲಿ ಹೋಗಿದ್ದನಂತೆ.